ಕ್ರಿಕೆಟ್‌ಗೆ ಪಳಗಿದ ಕೈ ಬೇಸ್‌ಬಾಲ್‌ಗೆ ಒಗ್ಗುತ್ತಾ?

ಹಿತ್ತಲ ಪಿಚ್

ಅಮೆರಿಕದ ಕನ್ನಡ ಮನೆಗಳಲ್ಲಿ ಇದು ಈಗ ಮಾಮೂಲಿ ಜಗಳ. ಅಪ್ಪ ಹಿತ್ತಲಲ್ಲಿ ನಿಂತು "ಮೊಣಕೈ ಮೇಲೆತ್ತು, ಬ್ಯಾಟ್ ನೆಟ್ಟಗೆ ಬರಲಿ" ಅಂತಾನೆ. ಶಾಲೆಯ ಬೇಸ್‌ಬಾಲ್ ಕೋಚು ಅದೇ ಹುಡುಗನಿಗೆ "ಮೊಣಕೈ ಬಿಡು, ಸೊಂಟ ತಿರುಗಿಸು" ಅಂತಾನೆ. ಹುಡುಗ ಎರಡೂ ಕಡೆ ಔಟು.

ಯಾವ ಆಟ ದೊಡ್ಡದು ಅನ್ನೋ ಪ್ರಶ್ನೆ ನಂದಲ್ಲ, ಕೈಮುಗಿದು ಕೇಳ್ತೀನಿ, ಅದನ್ನ ಶುರು ಮಾಡಬೇಡಿ. ಹತ್ತು ಹನ್ನೊಂದರ ಮಗು ಎರಡನ್ನೂ ಆಡಿದರೆ ಯಾವ ಕೌಶಲ ಅಲ್ಲಿಂದ ಇಲ್ಲಿಗೆ ಬರುತ್ತೆ, ಯಾವುದನ್ನ ಚಪ್ಪಲಿ ಥರ ಹೊರಗೇ ಬಿಟ್ಟು ಬರಬೇಕು? ಅಳತೆ, ಲೆಕ್ಕ ಸಮೇತ ಗೊತ್ತಿರೋರು ಹೇಳಿ.

ಗಲ್ಲಿ ಗಣಪ

ಬೇಸ್‌ಬಾಲ್ ಅಂದ್ರೆ ಬರೀ ಫುಲ್‌ಟಾಸ್ ಹೊಡೆಯೋದು ತಾನೆ ಗುರು? ಸೊಂಟದ ಮೇಲೆ ಬಂದರೆ ನಮ್ಮಲ್ಲಿ ನೋಬಾಲು.

ಮೈದಾನ ಮಂಜ

ಗಣಪ, ಆ ಫುಲ್‌ಟಾಸ್ ಯಾಕೆ ಕಷ್ಟ ಅಂತ ಆಮೇಲೆ ಯಾರಾದ್ರೂ ಹೇಳ್ತಾರೆ, ಇರು. ಮೊದಲು ಬ್ಯಾಟಿಂಗ್.

ಕ್ರಿಕೆಟ್‌ನಲ್ಲಿ ಬ್ಯಾಟು ನೆಟ್ಟಗೆ ಯಾಕೆ ಬರಬೇಕು? ಚೆಂಡು ನೆಲಕ್ಕೆ ಬಿದ್ದು ಏಳುತ್ತೆ. ಅದು ಬರೋ ಗೆರೆ ಹೆಚ್ಚುಕಮ್ಮಿ ಗೊತ್ತಾಗುತ್ತೆ, ಎಷ್ಟು ಎತ್ತರಕ್ಕೆ ಏಳುತ್ತೆ ಅನ್ನೋದು ಗೊತ್ತಾಗಲ್ಲ. ಬ್ಯಾಟನ್ನ ಲಂಬವಾಗಿ ಇಳಿಸಿದರೆ ಎತ್ತರದ ತಪ್ಪು ಲೆಕ್ಕವನ್ನ ಬ್ಯಾಟಿನ ಉದ್ದವೇ ಮುಚ್ಚಿಹಾಕುತ್ತೆ. ಸ್ಟ್ರೇಟ್ ಬ್ಯಾಟ್ ಅನ್ನೋದು ಶಿಸ್ತಿನ ಮಾತಲ್ಲ, ವಿಮೆ.

ಬೇಸ್‌ಬಾಲ್‌ನಲ್ಲಿ ಪಿಚರ್, ಅಂದ್ರೆ ಚೆಂಡು ಎಸೆಯೋನು, ನಿಂತಿರೋದು 10 ಇಂಚಿನ ದಿಬ್ಬದ ಮೇಲೆ. ಅಲ್ಲಿಂದ ಬರೋ ವೇಗದ ಚೆಂಡು ಹೋಮ್ ಪ್ಲೇಟ್ (ಹೊಡೆಯೋನ ಪಕ್ಕ ನೆಲದಲ್ಲಿರೋ ಹಲಗೆ) ಹತ್ತಿರ ಸುಮಾರು ಆರು ಡಿಗ್ರಿ ಕೆಳಮುಖವಾಗಿರುತ್ತೆ, ಪುಟಿಯೋದಿಲ್ಲ. ಅದೇ ಗೆರೆಯಲ್ಲಿ ಬ್ಯಾಟು ಎದುರಿಂದ ಸ್ವಲ್ಪ ಮೇಲ್ಮುಖವಾಗಿ ಬಂದರೆ ಎರಡೂ ಹೆಚ್ಚು ಹೊತ್ತು ಒಂದೇ ದಾರಿಯಲ್ಲಿರುತ್ತವೆ, ಟೈಮಿಂಗ್ ಒಂಚೂರು ಹಿಂದೆಮುಂದೆ ಆದರೂ ತಾಗುತ್ತೆ. ಹಾಗಾಗಿ ಅಡ್ಡಬ್ಯಾಟು. ಅವರಿಗೆ ಅದೇ ವಿಮೆ.

ಹಿಡಿತವೂ ಬೇರೆ. ಕ್ರಿಕೆಟ್‌ನಲ್ಲಿ ಎರಡೂ ಕೈಯ ಹೆಬ್ಬೆರಳು ತೋರುಬೆರಳಿನ ಸಂದು ಬ್ಯಾಟಿನ ಹಿಂಬದಿಯ ಒಂದೇ ಗೆರೆಯಲ್ಲಿ ಕೂರಬೇಕು, ಮೇಲಿನ ಕೈ ಯಜಮಾನ. ಬೇಸ್‌ಬಾಲ್‌ನಲ್ಲಿ ಬಾಗಿಲು ತಟ್ಟೋ ಗೆಣ್ಣುಗಳು ಸಾಲಾಗಿ ನಿಲ್ಲಬೇಕು, ಹಿಡಿತ ಬೆರಳಲ್ಲಿರಬೇಕು, ಅಂಗೈಯಲ್ಲಲ್ಲ. ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದರೆ ಮಣಿಕಟ್ಟು ತಿರುಗಲ್ಲ, ಬ್ಯಾಟು ತಡವಾಗುತ್ತೆ.

ಕ್ರಿಕೆಟ್ ಹುಡುಗರು ಅಲ್ಲಿಗೆ ಹೋದಾಗ ಎಡವೋ ಜಾಗಗಳು: ಮುಂದಿನ ಕಾಲಿಗೆ ಇಡೀ ಭಾರ ಹಾಕಿಬಿಡ್ತಾರೆ, ಆಮೇಲೆ ತಿರುಗಿಸೋಕೆ ಸೊಂಟದಲ್ಲಿ ಏನೂ ಉಳಿದಿರಲ್ಲ. ಚೆಂಡನ್ನ ಕಣ್ಣಿನ ಕೆಳಗೆ ಬರೋವರೆಗೂ ಕಾಯ್ತಾರೆ. ಅದು ನಮ್ಮಲ್ಲಿ ಒಳ್ಳೇ ಬುದ್ಧಿ, ಅಲ್ಲಿ ಒಳಗೆ ಬರೋ ಎಸೆತವನ್ನ ಮುಂಗಾಲಿಗಿಂತ ಮುಂದೆಯೇ ಹೊಡೀಬೇಕು. ಮೂರನೇದು, ಮಣಿಕಟ್ಟು ಉರುಳಿಸಿ ನೆಲಕ್ಕೆ ತಳ್ಳೋ ಚಾಳಿ. ಕ್ರಿಕೆಟ್‌ನಲ್ಲಿ ನೆಲಕ್ಕೆ ಹೊಡೆದರೆ ಕ್ಯಾಚ್ ಇಲ್ಲ, ಜಾಣತನ. ಅಲ್ಲಿ ಅದೇ ಚೆಂಡು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಕೈಗೆ ಹೋಗಿ, ಹೊಡೆದವನು ಮೊದಲು ಓಡಿ ಮುಟ್ಟಬೇಕಾದ ಫಸ್ಟ್ ಬೇಸಲ್ಲಿ ಸುಲಭದ ಔಟು.

ಕವರ್ ಡ್ರೈವ್ ಕಿಟ್ಟಿ

ಮಂಜಣ್ಣ ಹೇಳಿದ್ದು ಟೆಸ್ಟ್ ಬ್ಯಾಟಿಂಗ್‌ಗೆ ಸರಿ. ಟಿ20 ಕೊನೇ ಓವರ್‌ಗಳಲ್ಲಿ ಮುಂಗಾಲು ಲೆಗ್ ಕಡೆ ಸರಿಸಿ, ಸೊಂಟ ತೆರೆದು, ಬ್ಯಾಟನ್ನ ಹೆಗಲಿನ ಹತ್ತಿರ ಎತ್ತಿ ಹಿಡಿದು ಕಾಯೋರು ಯಾವ ಕ್ರಿಕೆಟ್ ಆಡ್ತಿದ್ದಾರೆ? ಅದು ಬೇಸ್‌ಬಾಲ್ ನಿಲುವೇ. ಇಂಗ್ಲೆಂಡಿನ ಜೂಲಿಯನ್ ವುಡ್ ಥರದ ಪವರ್ ಹಿಟಿಂಗ್ ಕೋಚ್‌ಗಳು ನೇರವಾಗಿ ಬೇಸ್‌ಬಾಲ್‌ನಿಂದಲೇ ಎತ್ತಿಕೊಂಡಿದ್ದು.

ಮೈದಾನ ಮಂಜ

ಒಪ್ಪಿದೆ ಕಿಟ್ಟಿ. ಆದ್ರೆ ಆ ನಿಲುವು ನಡೆಯೋದು ಬೌಲರ್ ಎಲ್ಲಿ ಹಾಕ್ತಾನೆ ಅಂತ ಮೊದಲೇ ಅಂದಾಜಿದ್ದಾಗ. ಹೊಸ ಚೆಂಡಿಗೆ ಹಾಗೆ ನಿಂತರೆ ಆಫ್‌ಸ್ಟಂಪ್ ಸುತ್ತ ಗುಡ್ ಲೆಂಗ್ತ್ ಬಿದ್ದಾಗ ಕತೆ ಮುಗೀತು. ಬೇಸ್‌ಬಾಲಿಗ ಕ್ರಿಕೆಟ್‌ಗೆ ಬಂದಾಗ ಆಗೋದೂ ಅದೇ: ಶಾರ್ಟ್ ಬಾಲು, ಮಿಡ್‌ವಿಕೆಟ್ ಮೇಲಿನ ಹೊಡೆತ ಎಲ್ಲ ಸಲೀಸು. ಯಾರ್ಕರ್ ಬಂದರೆ ಬ್ಯಾಟು ಕೆಳಗೆ ಇಳಿಯೋದೇ ಇಲ್ಲ. ವಿಕೆಟ್ ಹಿಂದಿನ ಅರ್ಧ ಮೈದಾನ ತನ್ನದು ಅಂತ ಅವನಿಗೆ ಹೊಳೆಯೋದೂ ಇಲ್ಲ, ಅಲ್ಲಿ ಅದು ಫೌಲ್ ಜಾಗ, ಹೊಡೆದರೂ ಓಟ ಇಲ್ಲ, ಅಲ್ವಾ.

ಗಲ್ಲಿ ಗಣಪ

ಫುಲ್‌ಟಾಸ್ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ 😏

ಸೀಮ್ ಶೇಷಾದ್ರಿ

ತಗೋ ಗಣಪ.

ಅಂತರ: ಪಿಚರ್ ಕಾಲಿಡೋ ಹಲಗೆಯಿಂದ ಹೋಮ್ ಪ್ಲೇಟ್ ಹಿಂತುದಿಗೆ 60 ಅಡಿ 6 ಇಂಚು, 18.44 ಮೀಟರ್. ಅವನು ಉದ್ದ ಹೆಜ್ಜೆ ಹಾಕಿ ಮುಂದೆ ಬಂದು ಬಿಡೋದರಿಂದ ಚೆಂಡು ನಿಜವಾಗಿ ಹಾರೋದು 16.8 ಮೀಟರ್ ಆಸುಪಾಸು. ನಮ್ಮದು ಸ್ಟಂಪಿಂದ ಸ್ಟಂಪಿಗೆ 20.12 ಮೀಟರ್, ಆದ್ರೆ ಪಾಪಿಂಗ್ ಕ್ರೀಸಿಂದ ಕ್ರೀಸಿಗೆ 17.68. ಅಂದ್ರೆ ಅಂತರ ಹತ್ತಿರ ಹತ್ತಿರ ಅಷ್ಟೇ.

ವೇಗ: ಶೋಯೆಬ್ ಅಖ್ತರ್ 2003ರ ವಿಶ್ವಕಪ್‌ನಲ್ಲಿ ಗಂಟೆಗೆ 161.3 ಕಿ.ಮೀ. ಆರೋಲ್ಡಿಸ್ ಚಾಪ್ಮನ್ 2010ರಲ್ಲಿ 105.8 ಮೈಲಿ, ಅಂದ್ರೆ 170.3 ಕಿ.ಮೀ. ಟಿವಿಯಲ್ಲಿ ತೋರ್ಸೋದು ಎರಡೂ ಆಟದಲ್ಲಿ ಕೈ ಬಿಟ್ಟ ಕ್ಷಣದ ವೇಗ. ನಮ್ಮ ಚೆಂಡು ನೆಲಕ್ಕೆ ಉಜ್ಜಿದಾಗ ಅದರಲ್ಲಿ ಒಳ್ಳೇ ಪಾಲು ಕಳಕೊಳ್ಳುತ್ತೆ. ಅವರದು ಗಾಳಿಗೆ ಮಾತ್ರ ಕಳಕೊಳ್ಳೋದು. 150ರ ಪಿಚ್ (ಅಲ್ಲಿ ಎಸೆತಕ್ಕೇ ಪಿಚ್ ಅಂತಾರೆ) ಸುಮಾರು 0.4 ಸೆಕೆಂಡಲ್ಲಿ ಮುಟ್ಟುತ್ತೆ.

ಬ್ಯಾಟು: ನಮ್ಮದು 10.8 ಸೆಂ.ಮೀ. ವರೆಗೆ ಅಗಲ, ಮುಖ ಚಪ್ಪಟೆ. ಅವರದು ಅತಿ ದಪ್ಪ ಇರೋ ಕಡೆ ವ್ಯಾಸ 6.6 ಸೆಂ.ಮೀ., ಮೇಲಾಗಿ ಉರುಟು. ದುಂಡಗಿನ ಕೋಲಿಂದ ದುಂಡಗಿನ ಚೆಂಡು ಹೊಡೆಯೋವಾಗ ಅರ್ಧ ಇಂಚು ಮೇಲಾದರೆ ನೆಲಕ್ಕೆ, ಅರ್ಧ ಇಂಚು ಕೆಳಗಾದರೆ ಆಕಾಶಕ್ಕೆ.

ಇಷ್ಟರ ಮೇಲೆ ಆ ಫುಲ್‌ಟಾಸು ನೇರ ಬರಲ್ಲ. ಹತ್ತು ಸಲ ಆಡಿ ಮೂರು ಸಲ ಹಿಟ್ ಹೊಡೆದರೆ, ಅಂದ್ರೆ ಹೊಡೆದು ಬೇಸ್ ಮುಟ್ಟಿದರೆ, ಅಲ್ಲಿ ಅವನು ಸ್ಟಾರು. ಸರಾಸರಿ 0.400, ಅಂದ್ರೆ ಹತ್ತಕ್ಕೆ ನಾಲ್ಕು, ದಾಟಿ ಸೀಸನ್ ಮುಗಿಸಿದವರಲ್ಲಿ ಅಮೆರಿಕನ್, ನ್ಯಾಷನಲ್ ಲೀಗ್‌ಗಳ ಕೊನೇ ಆಟಗಾರ ಟೆಡ್ ವಿಲಿಯಮ್ಸ್, 1941ರಲ್ಲಿ 0.406.

ಗಲ್ಲಿ ಗಣಪ

ಸರಿ ಸ್ವಾಮಿ, ಫುಲ್‌ಟಾಸ್ ವಾಪಸ್ ತಗೊಂಡೆ.

ಹುಬ್ಬಳ್ಳಿ ಹುಡುಗ

ಅಲ್ರೀ, ಎಲ್ಲಾರೂ ಬ್ಯಾಟ್ ಹಿಡ್ಕೊಂಡ ಕುಂತೀರಿ. ಖರೇ ಫರಕ್ ಇರೂದು ಕೈಯಾಗ. ನಮ್ಮ ಕಡೆ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದ್ರ ಅದು ಥ್ರೋ, ನೋಬಾಲ್. ಪಿಚರ್ ಮೊಣಕೈ 90 ಡಿಗ್ರಿ ಹತ್ತಿರ ಮಡಚಿ ಚಾಟಿ ಬೀಸಿದಂಗ ಒಗೀತಾನ. ಬೌಲರ್‌ಗೆ ವೇಗ ಬರೂದು ಓಟದಿಂದ ಮತ್ತ ಮುಂದಿನ ಕಾಲು ಕಂಬದಂಗ ನಿಂತಾಗ. ಪಿಚರ್‌ಗೆ ಓಟನ ಇಲ್ಲ, ಒಂದ ಹೆಜ್ಜಿ. ಅದಕ್ಕ ಇಷ್ಟ ಹೇಳ್ತೀನಿ: ಛಲೋ ಬೌಲರ್ ಆದಾವ ಛಲೋ ಪಿಚರ್ ಆಗ್ತಾನ ಅನ್ನೂದು ಸುಳ್ಳ. ಬೌಂಡ್ರಿಯಿಂದ ಕೀಪರ್ ಕೈಗೆ ನೇರ ಒಗಿಯೂ ಫೀಲ್ಡರ್ ಅದಾನಲ್ಲ, ಅವನ್ನ ಕರ್ಕೊಂಡ ಹೋಗ್ರಿ.

ನೈಟ್ ವಾಚ್‌ಮನ್

ಅದಕ್ಕೆ ಉದಾಹರಣೆಯೇ ಇದೆ. 2008ರಲ್ಲಿ ಭಾರತದಲ್ಲಿ ವೇಗವಾಗಿ ಎಸೆಯೋರನ್ನ ಹುಡುಕೋ ಟಿವಿ ಸ್ಪರ್ಧೆ ಆಯ್ತಲ್ಲ, ಅದರಿಂದ ರಿಂಕು ಸಿಂಗ್, ದಿನೇಶ್ ಪಟೇಲ್ ಅಂತ ಇಬ್ಬರು ಕ್ರಿಕೆಟ್ ಬೌಲರ್‌ಗಳು ಪಿಟ್ಸ್‌ಬರ್ಗ್ ಪೈರೇಟ್ಸ್ ಅನ್ನೋ ಬೇಸ್‌ಬಾಲ್ ತಂಡದ ಜೊತೆ ಒಪ್ಪಂದ ಮಾಡಿಕೊಂಡರು.

ಸೀಮ್ ಶೇಷಾದ್ರಿ

ಒಂದು ತಿದ್ದುಪಡಿ. ಅವರು ಕ್ರಿಕೆಟ್ ಬೌಲರ್‌ಗಳಲ್ಲ. ಇಬ್ಬರೂ ಉತ್ತರಪ್ರದೇಶದ ಜಾವೆಲಿನ್ ಹುಡುಗರು. ಹುಬ್ಬಳ್ಳಿಯವರ ಮಾತಿಗೆ ಇದು ಇನ್ನೂ ಗಟ್ಟಿ ಸಾಕ್ಷಿ: ಈಟಿ ಎಸೆಯೋ ಭುಜ ಪಿಚಿಂಗ್‌ಗೆ ಹತ್ತಿರ, ನೇರ ಕೈಯ ಬೌಲಿಂಗ್ ದೂರ.

ಗಲ್ಲಿ ಗಣಪ

ಐದು ಸಿಕ್ಸ್ ಹೊಡೆದ ಕೆಕೆಆರ್ ರಿಂಕುನಾ???

ನೈಟ್ ವಾಚ್‌ಮನ್

ಅಲ್ಲಪ್ಪಾ, ಬೇರೆ ರಿಂಕು. ಈ ರಿಂಕು ಆಮೇಲೆ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದ. ಶೇಷಾದ್ರಿ ಸರ್, ತಿದ್ದಿದ್ದಕ್ಕೆ ಥ್ಯಾಂಕ್ಸ್.

ಗೂಗ್ಲಿ ಗುರುರಾಜ

ಚೆಂಡು ತಿರುಗೋ ವಿಚಾರ ಯಾರೂ ಎತ್ತಿಲ್ಲ, ನಾನು ಎತ್ತುತೀನಿ. ಪಿಚರ್‌ನ ಎಲ್ಲ ಅಸ್ತ್ರವೂ ಸ್ಪಿನ್ನೇ. ವೇಗದ ಎಸೆತವನ್ನೂ ನಿಮಿಷಕ್ಕೆ 2,200ಕ್ಕೂ ಹೆಚ್ಚು ಸುತ್ತು ಹಿಮ್ಮುಖವಾಗಿ ತಿರುಗಿಸಿ ಬಿಡ್ತಾನೆ. ಹಿಮ್ಮುಖ ಸುತ್ತು ಚೆಂಡನ್ನ ಮೇಲಕ್ಕೆ ಎತ್ತಿ ಹಿಡಿಯೋದರಿಂದ ಅದು ನಿರೀಕ್ಷೆಗಿಂತ ಕಮ್ಮಿ ಇಳಿಯುತ್ತೆ, ಹೊಡೆಯೋನಿಗೆ "ಎದ್ದು ಬಂತು" ಅನ್ಸುತ್ತೆ. ಎದ್ದಿರಲ್ಲ, ಅಷ್ಟು ಬಿದ್ದಿರಲ್ಲ ಅಷ್ಟೆ. ಕರ್ವ್‌ಬಾಲ್ ಇದರ ಉಲ್ಟಾ: ಮುಮ್ಮುಖ ಸುತ್ತು, ದಿಢೀರ್ ಇಳಿತ.

ನಮ್ಮ ಸ್ಪಿನ್ನರ್‌ಗಳಿಗೆ ಇದು ಹೊಸದೇನಲ್ಲ. ಟಾಪ್‌ಸ್ಪಿನ್ನರ್ ಗಾಳಿಯಲ್ಲಿ ಮುಗ್ಗರಿಸೋದು ಕರ್ವ್‌ಬಾಲ್ ಥರವೇ. ಕುಂಬ್ಳೆಯ ಫ್ಲಿಪ್ಪರ್ ಹಿಮ್ಮುಖ ಸುತ್ತಿನದು: ಶಾರ್ಟ್ ಅಂತ ಕಂಡು ಪುಲ್ ಮಾಡೋಕೆ ಹಿಂದೆ ಹೋದವನಿಗೆ ಇನ್ನೂ ಮುಂದೆ ಬಿದ್ದು, ತಗ್ಗಾಗಿ ಜಾರಿ ಪ್ಯಾಡಿಗೆ. ಅದೇ ಭೌತಶಾಸ್ತ್ರ. ವ್ಯತ್ಯಾಸ ಏನು ಅಂದ್ರೆ, ಗಾಳಿಯಲ್ಲಿ ಮೋಸ ಮಾಡಿದ ಮೇಲೆ ಸ್ಪಿನ್ನರ್‌ಗೆ ನೆಲ ಅನ್ನೋ ಎರಡನೇ ಅವಕಾಶ ಇದೆ. ಪಿಚರ್‌ಗೆ ಇಲ್ಲ. ಅದಕ್ಕೇ ಅವನು ಅಷ್ಟು ವೇಗದಲ್ಲೇ ಅಷ್ಟು ತಿರುಗಿಸಬೇಕು.

ಕವರ್ ಡ್ರೈವ್ ಕಿಟ್ಟಿ

ಸ್ವಿಂಗ್? ಅದು ಸ್ಪಿನ್ ಅಲ್ವಲ್ಲ.

ಸೀಮ್ ಶೇಷಾದ್ರಿ

ಇದು ನನ್ನ ಏರಿಯಾ, ಸ್ವಲ್ಪ ಉದ್ದ ಆಗುತ್ತೆ.

ಕ್ರಿಕೆಟ್ ಚೆಂಡಿನ ಹೊಲಿಗೆ ನಡುಪಟ್ಟಿ ಥರ ಒಂದೇ ಸುತ್ತು, ಆರು ಸಾಲು ಹೊಲಿಗೆ, ಉಬ್ಬು. ಸೀಮನ್ನ ಸ್ವಲ್ಪ ಓರೆ ಮಾಡಿ, ಹಿಂದಕ್ಕೆ ಸುತ್ತಿಸಿ, ಅಲುಗಾಡದ ಹಾಗೆ ಬಿಟ್ಟರೆ ಸೀಮ್ ಇರೋ ಬದಿಯ ಗಾಳಿಪದರ ಕದಡುತ್ತೆ. ಕದಡಿದ ಪದರ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತೆ, ನುಣುಪಿನ ಬದಿಯಲ್ಲಿ ಬೇಗ ಬಿಡುತ್ತೆ. ಚೆಂಡು ಸೀಮ್ ಮುಖ ಮಾಡಿದ ಕಡೆ ವಾಲುತ್ತೆ. ಒಂದು ಬದಿ ಹೊಳಪು ಇಟ್ಟುಕೊಳ್ಳೋದು ಇದನ್ನ ಓವರ್‌ಗಟ್ಟಲೆ ಉಳಿಸೋಕೆ. ಸೀಮ್ ಅಲುಗಾಡಿದರೆ ಸ್ವಿಂಗ್ ಸತ್ತಂತೆ. ತೋರು, ನಡುಬೆರಳು ಸೀಮಿನ ಎರಡು ಬದಿ ಸಮ ಕೂರದಿದ್ದರೆ, ಇಲ್ಲಾ ಬಿಡುವಾಗ ಮಣಿಕಟ್ಟು ಪಕ್ಕಕ್ಕೆ ವಾಲಿದರೆ ಹಾಗಾಗೋದು.

ಬೇಸ್‌ಬಾಲ್ ಹೊಲಿಗೆ ಎಂಟರ ಆಕಾರದಲ್ಲಿ ಚೆಂಡಿನ ತುಂಬ ಹರಡಿದೆ, 108 ಜೋಡಿ ಹೊಲಿಗೆ. ನಡುಪಟ್ಟಿ ಇಲ್ಲದ ಮೇಲೆ ನಮ್ಮ ಥರದ ಸ್ವಿಂಗ್ ಕಷ್ಟ. ಸಿಂಕರ್‌ನಂಥ (ಕೊನೇಲಿ ಕೆಳಗಿಳಿಯೋ ವೇಗದ ಎಸೆತ) ಕೆಲವು ಎಸೆತಗಳಲ್ಲಿ ಸೀಮ್ ಒಂದೇ ಬದಿಗೆ ಮತ್ತೆ ಮತ್ತೆ ಬರೋ ಹಾಗೆ ಹಿಡಿದು ಒಂಚೂರು ಹಾಗೆ ಮಾಡ್ತಾರೆ.

ಇನ್ನು ಚೆಂಡಿನ ವಯಸ್ಸು. ಇದೇ ನನ್ನ ಪ್ರಕಾರ ಎರಡು ಆಟಗಳ ಅತಿ ದೊಡ್ಡ ವ್ಯತ್ಯಾಸ. ಟೆಸ್ಟ್‌ನಲ್ಲಿ 80 ಓವರ್ ಆಗೋವರೆಗೂ ಹೊಸ ಚೆಂಡು ಕೇಳೋಹಾಗಿಲ್ಲ. ಹಳೆಯದಾಗೋದು ಕ್ರಿಕೆಟ್‌ನಲ್ಲಿ ಆಟದ ಭಾಗ, ರಿವರ್ಸ್ ಸ್ವಿಂಗ್ ಹುಟ್ಟಿದ್ದೇ ಅಲ್ಲಿ. ಬೇಸ್‌ಬಾಲ್‌ನಲ್ಲಿ ಚೆಂಡು ಮಣ್ಣಿಗೆ ತಾಗಿದರೆ ಅಂಪೈರ್ ಹೊಸದು ಕೊಡ್ತಾನೆ. 1920ರಲ್ಲಿ ರೇ ಚಾಪ್ಮನ್ ಅನ್ನೋ ಆಟಗಾರ ತಲೆಗೆ ಪಿಚ್ ಬಿದ್ದು ಸತ್ತ, ಮಾಸಿದ ಚೆಂಡು ಅವನಿಗೆ ಕಂಡಿರಲಿಕ್ಕಿಲ್ಲ ಅನ್ನೋ ಮಾತು ಬಂತು. ಆಮೇಲೆ ಬಿಳಿ ಚೆಂಡೇ ಆಟದಲ್ಲಿರಬೇಕು ಅಂತ ಬಿಗಿ ಮಾಡಿದರು. ಎಂಜಲು ಹಚ್ಚಿ ಎಸೆಯೋದನ್ನ ನಿಷೇಧಿಸಿದ್ದೂ ಅದೇ ವರ್ಷ. ನಮ್ಮಲ್ಲಿ ಎಂಜಲಿಗೆ ಕಾಯಂ ನಿಷೇಧ ಬಂದಿದ್ದು 2022ರಲ್ಲಿ, ಕೋವಿಡ್ ನೆಪದಲ್ಲಿ.

ಗಲ್ಲಿ ಗಣಪ

ಹೊಸಾ ಚೆಂಡು ಕೈಯಲ್ಲಿ ಜಾರಲ್ವಾ?

ಸೀಮ್ ಶೇಷಾದ್ರಿ

ಜಾರುತ್ತೆ. ಅದಕ್ಕೇ ಪಂದ್ಯಕ್ಕೆ ಮುಂಚೆ ಪ್ರತಿ ಚೆಂಡಿಗೂ ಡೆಲವೇರ್ ನದಿ ಕಡೆಯ ಒಂದು ವಿಶೇಷ ಕೆಸರು ಉಜ್ಜಿ ಹೊಳಪು ತೆಗೀತಾರೆ. ನಮ್ಮವರು ಹೊಳಪು ಬರಿಸೋಕೆ ಪ್ಯಾಂಟಿಗೆ ಉಜ್ಜಿ ಕೆಂಪು ಮಾಡ್ಕೊಳ್ತಾರೆ, ಅವರು ದುಡ್ಡು ಕೊಟ್ಟು ಕೆಸರು ತಂದು ಹೊಳಪು ತೆಗೀತಾರೆ!

ಕುಡ್ಲ ಕೀಪರ್

ಫೀಲ್ಡಿಂಗ್ ಬಗ್ಗೆ ಒಬ್ಬರೂ ಮಾತಾಡ್ಲಿಲ್ಲ ಮಾರಾಯ್ರೆ. ನಿಜವಾಗಿ ಒಗ್ಗುವುದು ಅದೇ ಉಂಟಲ್ಲ.

ಬೇಸ್‌ಬಾಲ್ ಗ್ಲೌಸ್ ಹಾಕುವುದು ಎಸೆಯದ ಕೈಗೆ. ಬಲಗೈಯಲ್ಲಿ ಎಸೆಯುವವನಿಗೆ ಎಡಗೈಯಲ್ಲಿ ಗ್ಲೌಸ್. ಕ್ರಿಕೆಟ್ ಮಕ್ಕಳ ಮೊದಲ ತಪ್ಪು, ಬಲಕ್ಕೆ ಬಂದ ಚೆಂಡಿಗೆ ಬರಿಗೈ ಚಾಚುವುದು. ಅಲ್ಲಿ ಎಡಗೈಯನ್ನೇ ಅಡ್ಡ ತಂದು ಗ್ಲೌಸ್ ತಿರುಗಿಸಬೇಕು. ಎರಡನೆಯದು, ಅಂಗೈ ನಡುವಲ್ಲಿ ಹಿಡಿಯುವುದು. ಹೆಬ್ಬೆರಳು ತೋರುಬೆರಳ ನಡುವಿನ ಬಲೆಯ ಬುಡದಲ್ಲಿ ಹಿಡಿಯಬೇಕು, ಇಲ್ಲದಿದ್ದರೆ ಅಂಗೈ ಉರಿದು ಹೋಗ್ತದೆ. ಸೊಂಟದ ಮೇಲೆ ಬಂದರೆ ಗ್ಲೌಸಿನ ಬೆರಳು ಮೇಲೆ, ಕೆಳಗೆ ಬಂದರೆ ಬೆರಳು ಕೆಳಗೆ. ಹಿಡಿದ ಕೂಡಲೇ ಬರಿಗೈ ಗ್ಲೌಸಿನ ಒಳಗೆ ಇರಬೇಕು, ಅಲ್ಲಿಂದಲೇ ಎಸೆತ ಶುರು.

ನಮ್ಮಲ್ಲಿ ಬರಿಗೈ. ಚೆಂಡು ತಾಗುವಾಗ ಕೈ ಹಿಂದಕ್ಕೆ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಪುಟಿದು ಹೊರಗೆ. ದ್ರಾವಿಡ್ ಟೆಸ್ಟ್‌ನಲ್ಲಿ ಹಿಡಿದದ್ದು 210 ಕ್ಯಾಚ್, 2025ರಲ್ಲಿ ಜೋ ರೂಟ್ ದಾಟುವವರೆಗೆ ಅದೇ ದಾಖಲೆ. ಬರಿಗೈಯಲ್ಲಿ ಕಲಿತವನಿಗೆ ಗ್ಲೌಸ್ ಕೊಟ್ಟರೆ ಒಂದು ವಾರದ ಕೆಲಸ. ಗ್ಲೌಸಿನಲ್ಲಿ ಕಲಿತವ ಸ್ಲಿಪ್ಪಿಗೆ ಬಂದರೆ ಬೆರಳು ಮುರಿದುಕೊಳ್ತಾನೆ.

ಎಸೆತದಲ್ಲಿ ಮಾತ್ರ ಅವರೇ ಗುರುಗಳು. ಆಸ್ಟ್ರೇಲಿಯಾ ಅಮೆರಿಕದ ಬೇಸ್‌ಬಾಲ್ ಕೋಚ್ ಮೈಕ್ ಯಂಗ್ ಅವರನ್ನು ಫೀಲ್ಡಿಂಗ್ ಕಲಿಸಲು ಸುಮ್ಮನೆ ಇಟ್ಟುಕೊಂಡದ್ದಲ್ಲ. ಚೆಂಡು ಹೆಕ್ಕಿ, ಗುರಿಗೆ ಪಕ್ಕ ಕೊಟ್ಟು ಒಂದು ಸಣ್ಣ ಜಿಗಿತ, ಮುಂದಿನ ಹೆಗಲು ಗುರಿಯ ಕಡೆ, ಮೊಣಕೈ ಹೆಗಲಿನ ಎತ್ತರಕ್ಕೆ, ಆಮೇಲೆ ಎಸೆತ. ಕ್ರಿಕೆಟಿಗರಲ್ಲಿ ತುಂಬಾ ಜನ ಮೊಣಕೈ ಹೆಗಲಿಗಿಂತ ಕೆಳಗೆ ಇಟ್ಟು ದೂಡುತ್ತಾರೆ. ದೂರವೂ ಹೋಗುವುದಿಲ್ಲ, ಮೊಣಕೈಯೂ ನೋವು.

ಕವರ್ ಡ್ರೈವ್ ಕಿಟ್ಟಿ

ಕೀಪರ್ ಸರ್, ಬೇಸ್‌ಬಾಲ್ ಕ್ಯಾಚರ್ ಮತ್ತು ನಮ್ಮ ಕೀಪರ್ ಒಂದೇನಾ?

ಕುಡ್ಲ ಕೀಪರ್

ಕುಕ್ಕರಗಾಲಲ್ಲಿ ಕೂರುವುದು ಒಂದೇ, ಬಾಕಿ ಎಲ್ಲ ಬೇರೆ. ಕ್ಯಾಚರ್ ಯಾವ ಎಸೆತ ಹಾಕಬೇಕೆಂದು ಸನ್ನೆಯಲ್ಲಿ ಸೂಚಿಸ್ತಾನೆ, ಅರ್ಧ ನಾಯಕ ಅವನು. ಓಟಗಾರ ಎರಡನೇ ಬೇಸ್ ಕದಿಯಲು, ಅಂದರೆ ಹೊಡೆತ ಇಲ್ಲದೆಯೇ ಓಡಿ ಮುಟ್ಟಲು, ಹೊರಟರೆ ಚೆಂಡು ಗ್ಲೌಸಿಗೆ ತಾಗಿದಲ್ಲಿಂದ ಎರಡು ಸೆಕೆಂಡಿನ ಒಳಗೆ 38.8 ಮೀಟರ್ ಆಚೆ ಮುಟ್ಟಿಸಬೇಕು. ಕೀಪರ್‌ನಿಗೆ ಆ ಕೆಲಸ ಇಲ್ಲ. ಸ್ಪಿನ್ನಿಗೆ ಸ್ಟಂಪ್ ಹತ್ತಿರ ನಿಂತು, ಬ್ಯಾಟ್ಸ್‌ಮನ್ ಅಡ್ಡ ಇದ್ದಾಗ ಪುಟಿದ ಚೆಂಡು ಹಿಡಿದು ಬೇಲ್ಸ್ ಹಾರಿಸುವ ಕೆಲಸ ಕ್ಯಾಚರ್‌ಗೆ ಇಲ್ಲ.

ನೈಟ್ ವಾಚ್‌ಮನ್

ಬೇಸ್ ಕದಿಯೋ ಮಾತು ಬಂತು, ಮಂಕಡಿಂಗ್ (ಚೆಂಡು ಹಾಕೋ ಮುಂಚೆಯೇ ಕ್ರೀಸ್ ಬಿಟ್ಟ ನಾನ್‌ಸ್ಟ್ರೈಕರನ್ನ ಬೌಲರ್ ಔಟ್ ಮಾಡೋದು) ವಿರೋಧಿಗಳು ಈಗ ಬನ್ನಿ. ಅಲ್ಲಿ ಓಟಗಾರ ಬೇಸ್ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ನಿಂತರೆ ಪಿಚರ್ ತಿರುಗಿ ಎಸೆದು ಔಟ್ ಮಾಡ್ತಾನೆ, ಕ್ರೀಡಾಸ್ಫೂರ್ತಿ ಅಂತ ಒಬ್ಬರೂ ಅಳಲ್ಲ.

ಕವರ್ ಡ್ರೈವ್ ಕಿಟ್ಟಿ

ಎರಡೂ ಒಂದೇ ಅಲ್ಲ. ಅಲ್ಲಿ ಕದಿಯೋದು ಆಟದ ಭಾಗ, ಓಟಗಾರ ಸಿದ್ಧನಾಗೇ ಇರ್ತಾನೆ. ಇಲ್ಲಿ ನಾನ್‌ಸ್ಟ್ರೈಕರ್ ಬೌಲರ್ ಕಡೆ ನೋಡ್ತಾನೂ ಇರಲ್ಲ.

ನೈಟ್ ವಾಚ್‌ಮನ್

ನೋಡದಿರೋದು ಅವನ ತಪ್ಪು. 1947ರಲ್ಲಿ ವಿನೂ ಮಂಕಡ್ ಸಿಡ್ನಿಯಲ್ಲಿ ಬಿಲ್ ಬ್ರೌನ್ ಅವರನ್ನ ಔಟ್ ಮಾಡಿದಾಗಲೂ ನಿಯಮಬದ್ಧವೇ. 2022ರಲ್ಲಿ ಕ್ರಿಕೆಟ್ ನಿಯಮ ಬರೆಯೋ ಎಂಸಿಸಿ ಅದನ್ನ "ಅನುಚಿತ ಆಟ"ದ ನಿಯಮದಿಂದ ತೆಗೆದು ಮಾಮೂಲಿ ರನೌಟ್ ನಿಯಮಕ್ಕೆ ಸೇರಿಸಿತು. ಇನ್ನೇನು ಬೇಕು? ಬೇಸ್‌ಬಾಲ್‌ನವರಿಗೆ ಚಿಂತೆ ಆಗಿದ್ದು ನೀತಿ ಅಲ್ಲ, ಸಮಯ. 2023ರಿಂದ ಪಿಚ್ ಗಡಿಯಾರ (ಎಸೆಯೋಕೆ ಸಮಯದ ಮಿತಿ) ಬಂತು, ಒಬ್ಬ ಬ್ಯಾಟರ್ ಇರೋ ಅಷ್ಟು ಹೊತ್ತಲ್ಲಿ ಎರಡೇ ಸಲ ಹಾಗೆ ಓಟಗಾರನ ಕಡೆ ತಿರುಗಬಹುದು. ಮೂರನೇ ಸಲ ತಿರುಗಿ ಔಟ್ ಮಾಡದಿದ್ದರೆ ಓಟಗಾರನಿಗೆ ಪುಕ್ಕಟೆ ಒಂದು ಬೇಸ್.

ಮೈದಾನ ಮಂಜ

ಈ ಜಗಳ ಬೇರೆ ಎಳೆ ತೆರೆದು ಮಾಡಿ ಇಬ್ಬರೂ.

ಹಳೇ ಸ್ಕೋರುಪಟ್ಟಿ

ಎರಡನ್ನೂ ಶತ್ರುಗಳ ಥರ ನೋಡೋರಿಗೆ ಸ್ವಲ್ಪ ಚರಿತ್ರೆ. ಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ನಡೆದಿದ್ದು ಇಂಗ್ಲೆಂಡಲ್ಲಲ್ಲ, ನ್ಯೂಯಾರ್ಕ್‌ನಲ್ಲಿ, 1844ರಲ್ಲಿ, ಅಮೆರಿಕ ಮತ್ತು ಕೆನಡಾ ನಡುವೆ. ಬೇಸ್‌ಬಾಲ್‌ಗೆ ಸ್ಕೋರುಪಟ್ಟಿಯ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಲ್ಲಿ ಹುಟ್ಟಿ ಕ್ರಿಕೆಟ್ ವರದಿ ಬರೀತಿದ್ದವರು. 1869ರ ಮೊದಲ ಸಂಪೂರ್ಣ ವೃತ್ತಿಪರ ತಂಡ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಕಟ್ಟಿದ ಹ್ಯಾರಿ ರೈಟ್ ಕೂಡ ಮೂಲತಃ ಕ್ರಿಕೆಟಿಗ.

ಉಲ್ಟಾ ದಿಕ್ಕಿಗೆ ಬಂದಿದ್ದು ಫಿಲಡೆಲ್ಫಿಯಾದ ಬಾರ್ಟ್ ಕಿಂಗ್. ಬೇಸ್‌ಬಾಲ್ ಪಿಚರ್ ಆಗಿ ಕಲಿತ ತಿರುವನ್ನ ಸ್ವಿಂಗ್ ಬೌಲಿಂಗ್‌ಗೆ ತಂದರು. 1908ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರ ಸರಾಸರಿ 11.01, ಆ ಸೀಸನ್ನಿನಲ್ಲಿ ಅಲ್ಲಿನ ಬೌಲರ್‌ಗಳನ್ನೆಲ್ಲ ಮೀರಿಸಿ ಮೊದಲ ಸ್ಥಾನ.

ಹುಬ್ಬಳ್ಳಿ ಹುಡುಗ

ಹಂಗಾದ್ರ ಪಿಚರ್ ಬೌಲರ್ ಆಗಬಹುದು ಅಂತಾತು. ನಾ ಹೇಳಿದ್ದು ಬೌಲರ್ ಪಿಚರ್ ಆಗಾಂಗಿಲ್ಲ ಅಂತ. ಎರಡೂ ನಿಲ್ತಾವ ನೋಡ್ರಿ. 😄

ಸಾಫ್ಟ್‌ಬಾಲ್ ಸುಮಾ

ಹಿತ್ತಲ ಪಿಚ್ ಅವರು ಕೇಳಿದ್ದು ಮಗುವಿನ ಬಗ್ಗೆ, ಎಲ್ಲರೂ ಶೋಯೆಬ್ ಅಖ್ತರ್ ಮಾತಾಡ್ತಿದ್ದೀರಿ.

ಮೊದಲು ಕೈ ಎಷ್ಟು ಎಸೀತು ಅಂತ ಎಣಿಸಿ. ಅಮೆರಿಕದ ಮಕ್ಕಳ ಬೇಸ್‌ಬಾಲ್ ಆದ ಲಿಟಲ್ ಲೀಗ್ ನಿಯಮದಲ್ಲಿ 9–10 ವಯಸ್ಸಿಗೆ ದಿನಕ್ಕೆ 75 ಪಿಚ್, 11–12ಕ್ಕೆ 85. ಒಂದೇ ದಿನ 66 ದಾಟಿದರೆ ನಾಲ್ಕು ದಿನ ಪಿಚಿಂಗ್ ಇಲ್ಲ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿಯ ಮಾರ್ಗಸೂಚಿಯಲ್ಲಿ 13ರ ಒಳಗಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ನಲ್ಲಿ 5 ಓವರ್, ದಿನಕ್ಕೆ 10. ಸಮಸ್ಯೆ ಏನೂಂದ್ರೆ ಎರಡೂ ಕೋಚ್‌ಗಳು ತಮ್ಮ ತಮ್ಮದನ್ನಷ್ಟೇ ಎಣಿಸ್ತಾರೆ. ಶನಿವಾರ 60 ಪಿಚ್, ಭಾನುವಾರ 8 ಓವರ್ ಅಂದ್ರೆ ಎರಡೂ ಕಡೆ ಮಿತಿಯೊಳಗೆ, ಮಗುವಿನ ಲೆಕ್ಕದಲ್ಲಿ ನೂರು ದಾಟಿತು. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ, ಎರಡನ್ನೂ ಒಟ್ಟಿಗೆ ಬರೀರಿ.

ಪೆಟ್ಟು ಬೀಳೋ ಜಾಗವೂ ಬೇರೆ. ಪಿಚರ್‌ಗೆ ಮೊಣಕೈ ಒಳಬದಿಯ ಅಸ್ಥಿರಜ್ಜು (ಎಲುಬಿಗೆ ಎಲುಬು ಕಟ್ಟೋ ಪಟ್ಟಿ). ಅದಕ್ಕೆ ಟಾಮಿ ಜಾನ್ ಅನ್ನೋ ಪಿಚರ್‌ಗೆ 1974ರಲ್ಲಿ ಮಾಡಿದ ಶಸ್ತ್ರಚಿಕಿತ್ಸೆಗೆ ಈಗ ಅವನ ಹೆಸರೇ, ಮತ್ತೆ ಪಂದ್ಯಕ್ಕೆ ಬರೋಕೆ ವರ್ಷದ ಮೇಲೆ ಬೇಕು. ವೇಗದ ಬೌಲರ್‌ಗೆ ಕೆಳಬೆನ್ನು: ನಮ್ಮ ಪ್ರಸಿದ್ಧ್ ಕೃಷ್ಣ 2023ರ ಐಪಿಎಲ್ ತಪ್ಪಿಸಿಕೊಂಡಿದ್ದು ಬೆನ್ನುಮೂಳೆಯ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ. ಮೊಣಕೈ ಒಳಗೆ ನೋವು ಅಂದ್ರೆ ಪಿಚಿಂಗ್ ನಿಲ್ಲಿಸಿ, ಬೌಲಿಂಗ್ ಮಾಡಿದ ಮೇಲೆ ಸೊಂಟದ ಒಂದೇ ಬದಿ ನೋವು ಅಂದ್ರೆ ಬೌಲಿಂಗ್ ನಿಲ್ಲಿಸಿ. "ಬೆಳೆಯೋ ವಯಸ್ಸು, ಹೋಗುತ್ತೆ" ಅನ್ನಬೇಡಿ, ವೈದ್ಯರಿಗೆ ತೋರಿಸಿ.

ಹಿತ್ತಲ ಪಿಚ್

ಸುಮಕ್ಕ, ಇದೇ ಬೇಕಿತ್ತು. ಬ್ಯಾಟಿಂಗ್ ಗೊಂದಲಕ್ಕೆ ಏನು ಮಾಡಲಿ? ಒಂದೇ ದಿನ ಎರಡೂ ಅಭ್ಯಾಸ ಮಾಡಿಸಬಹುದಾ?

ಸಾಫ್ಟ್‌ಬಾಲ್ ಸುಮಾ

ಸೀಸನ್ ಬೇರೆ ಬೇರೆ ಇಟ್ಟರೆ ಒಳ್ಳೇದು. ಆಗದಿದ್ದರೆ ದಿನ ಬೇರೆ ಮಾಡಿ. ಒಂದೇ ದಿನ ಎರಡೂ ಬ್ಯಾಟ್ ಕೊಟ್ಟರೆ ಎರಡನೆಯದರ ಮೊದಲ ಇಪ್ಪತ್ತು ಹೊಡೆತ ದಂಡ.

ಬೇಸ್‌ಬಾಲ್ ದಿನ ಚೆಂಡು ಎಸೆಯೋಕೆ ಮುಂಚೆ ಟೀ (ಚೆಂಡು ಇಡೋ ಕೋಲು) ಮೇಲಿಟ್ಟು ಹೊಡೆಸಿ. ಟೀ ಎತ್ತರ ಮಗುವಿನ ಸೊಂಟದಷ್ಟು, ಜಾಗ ಮುಂಗಾಲಿನ ನೇರಕ್ಕೆ ಅಥವಾ ಒಂದಿಂಚು ಮುಂದೆ. 15 ಹೊಡೆತ. ಚೆಂಡು ನೆಲಕ್ಕೇ ಹೋಗ್ತಿದ್ರೆ ಮಣಿಕಟ್ಟು ಬೇಗ ಉರುಳ್ತಿದೆ ಅಂತ, ಬ್ಯಾಟು ಟೀ ಕಾಂಡಕ್ಕೇ ತಾಗ್ತಿದ್ರೆ ಹಿಂದಿನ ಹೆಗಲು ಕುಸೀತಿದೆ ಅಂತ. ಹೊಡೆದ ಮೇಲೆ ಹಿಂದಿನ ಪಾದದ ಹಿಮ್ಮಡಿ ಮೇಲೆದ್ದು ಶೂವಿನ ತುದಿ ಮಾತ್ರ ನೆಲದಲ್ಲಿದ್ದರೆ ಸೊಂಟ ತಿರುಗಿದೆ.

ಕ್ರಿಕೆಟ್ ದಿನ ಅದೇ ಟೀ ಬೇಡ. ನೆಲದ ಮೇಲೆ ಪುಟಿಸಿ ಕೈಯಿಂದ ಹಾಕಿ, ಮೇಲಿನ ಒಂದೇ ಕೈಯಲ್ಲಿ 10 ಡ್ರೈವ್ ಆಡಿಸಿ, ಆಮೇಲೆ ಎರಡು ಕೈ. ಮೇಲಿನ ಕೈಗೆ ಯಜಮಾನಿಕೆ ವಾಪಸ್ ಬರುತ್ತೆ.

ಮೈದಾನ ಮಂಜ

ಸುಮಾ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ: ತಲೆಯೊಳಗಿನ ಬದಲಾವಣೆ ಕೈಗಿಂತ ಕಷ್ಟ. ಸ್ಟ್ರೈಕ್ ವಲಯ 17 ಇಂಚು ಅಗಲದ ಪ್ಲೇಟ್ ಮೇಲೆ, ಮಂಡಿಯಿಂದ ಎದೆಯ ಕೆಳಗಿನವರೆಗೆ. ಅದರಾಚೆ ಹೋದ ನಾಲ್ಕು ಎಸೆತ ಬಿಟ್ಟರೆ ಬೇಸ್ ಬಿಟ್ಟಿ. ಬಿಡೋದಕ್ಕೆ ಸಂಬಳ ಕೊಡೋ ಆಟ ಅದು. ಒಳಗೆ ಬಂದದ್ದನ್ನ ಬಿಟ್ಟರೆ ಅದು ಸ್ಟ್ರೈಕ್, ಮೂರಾದರೆ ಮನೆಗೆ. ಟೆಸ್ಟ್ ಮನಸ್ಸಿನ ಹುಡುಗ ಎರಡು ಸ್ಟ್ರೈಕ್ ಆದ ಮೇಲೂ ಬಿಡ್ತಾನೆ, ಟಿ20 ಮನಸ್ಸಿನವನು ಮೊದಲ ಎಸೆತದಿಂದಲೇ ಕಣ್ಮುಚ್ಚಿ ಬೀಸ್ತಾನೆ. ಎರಡು ಸ್ಟ್ರೈಕ್ ಆದಾಗ ಬ್ಯಾಟನ್ನ ಒಂದಿಂಚು ಮೇಲೆ ಹಿಡಿದು, ಕಷ್ಟದ್ದನ್ನ ಫೌಲ್‌ಗೆ ತಳ್ಳಿ ಉಳಿಯೋದನ್ನ ಕಲಿಸಿ. ಅದಕ್ಕೆ ನಮ್ಮ ರಕ್ಷಣಾತ್ಮಕ ಕೈ ನಿಜಕ್ಕೂ ಒದಗುತ್ತೆ.

ಕವರ್ ಡ್ರೈವ್ ಕಿಟ್ಟಿ

ಆಫ್ ಟಾಪಿಕ್: 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನ ಸೂಪರ್ ಓವರ್‌ನಲ್ಲಿ ಸೋಲಿಸಿದ ಡಲ್ಲಾಸ್ ಪಕ್ಕದ ಗ್ರ್ಯಾಂಡ್ ಪ್ರೇರಿ ಮೈದಾನ ಮೊದಲು ಬೇಸ್‌ಬಾಲ್ ಸ್ಟೇಡಿಯಂ. ಅಲ್ಲಿ 30ಕ್ಕೆ 3 ವಿಕೆಟ್ ತೆಗೆದ ನೋಸ್ತುಷ್ ಕೆಂಜಿಗೆ ಅಲಬಾಮದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಬೆಳೆದವರು.

ನೈಟ್ ವಾಚ್‌ಮನ್

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಎರಡೂ ಆಟ ಇವೆ, ಎರಡಕ್ಕೂ ಆರಾರು ತಂಡ. ಜಗಳಕ್ಕೆ ಇನ್ನೂ ವಸ್ತು ಸಿಗುತ್ತೆ.

ಹಿತ್ತಲ ಪಿಚ್

ಕೊನೇ ಪ್ರಶ್ನೆ. ಬೇಸ್‌ಬಾಲ್ ಬ್ಯಾಟ್ ಕೊಳ್ಳೋವಾಗ ಏನು ನೋಡಬೇಕು? ಕ್ರಿಕೆಟ್ ಬ್ಯಾಟಾದ್ರೆ ಎಳೆ ಎಣಿಸಿ, ತಟ್ಟಿ ನೋಡಿ ತರಬಹುದು.

ಸಾಫ್ಟ್‌ಬಾಲ್ ಸುಮಾ

ಮಕ್ಕಳ ಲೀಗ್‌ಗೆ ಅಲ್ಯೂಮಿನಿಯಂ ಸಾಕು, ಮರ ಬೇಡ. ಲಿಟಲ್ ಲೀಗ್ ಆದರೆ ಬ್ಯಾಟ್ ಮೇಲೆ ಯುಎಸ್‌ಎ ಬೇಸ್‌ಬಾಲ್ ಮುದ್ರೆ ಇರಲೇಬೇಕು, 2018ರಿಂದ ಕಡ್ಡಾಯ. ಇಲ್ಲದ್ದನ್ನ ತಂದರೆ ಆಡೋಕೆ ಬಿಡಲ್ಲ. ಅಂಗಡಿಯಲ್ಲಿ ಮಗು ಬ್ಯಾಟನ್ನ ಒಂದೇ ಕೈಯಲ್ಲಿ ಪಕ್ಕಕ್ಕೆ ನೇರ ಚಾಚಿ ಹಿಡಿಯಲಿ. ಇಪ್ಪತ್ತು ಎಣಿಸೋದರೊಳಗೆ ತುದಿ ಬಾಗಿದರೆ ಭಾರ ಜಾಸ್ತಿ, ಒಂದು ಸೈಜ್ ಇಳಿಸಿ.

ಗಲ್ಲಿ ಗಣಪ

ತಟ್ಟಿ ನೋಡಿದರೆ ಟಣ್ ಅನ್ನುತ್ತೆ ಅಷ್ಟೇ, ಎಳೆ ಎಣಿಸೋ ಕಷ್ಟ ಇಲ್ಲ.